ವೈಫೈಗೆ ಎಷ್ಟು ಫೋನ್ ಹಿಡಿಸುತ್ತದೆ? ಸಬ್‌ನೆಟ್ ಲೆಕ್ಕ ತಿಳಿಯೋಣ

ದಸರಾ ರಜೆ ಬಂತೆಂದರೆ, ಡಿಸೆಂಬರ್ ಕೊನೆಯ ವಾರ ಬಂತೆಂದರೆ ಕೊಡಗಿನ ಹೋಂಸ್ಟೇಗಳೆಲ್ಲ ಭರ್ತಿ. ಮಡಿಕೇರಿ, ಕಕ್ಕಬ್ಬೆ, ವಿರಾಜಪೇಟೆ, ಸೋಮವಾರಪೇಟೆ, ಎಲ್ಲಿ ನೋಡಿದರೂ ಅದೇ. ಬಂದವರು ಬ್ಯಾಗ್ ಇಳಿಸುವ ಮೊದಲೇ ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ತೋಟದ ನಡುವೆ ಮೊಬೈಲ್ ಸಿಗ್ನಲ್ ಸಿಗದ ಕಡೆ ಅವರಿಗೂ ಬೇರೆ ದಾರಿಯಿಲ್ಲ. ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿರುತ್ತದೆ. ಸಂಜೆಯಾಗುತ್ತಿದ್ದಂತೆ ಒಬ್ಬೊಬ್ಬರೇ ಬಂದು ಹೇಳತೊಡಗುತ್ತಾರೆ: ಪಾಸ್‌ವರ್ಡ್ ಸರಿ ಇದೆ, ಆದರೆ ಕನೆಕ್ಟ್ ಆಗುತ್ತಿಲ್ಲ. ಫೋನ್ "ಐಪಿ ಅಡ್ರೆಸ್ ಪಡೆಯಲಾಗುತ್ತಿದೆ" ಎಂದು ತೋರಿಸಿ ಅಲ್ಲೇ ನಿಂತುಬಿಡುತ್ತದೆ. ಬೆಳಿಗ್ಗೆಯೇ ಕನೆಕ್ಟ್ ಆದ ಫೋನಿನಲ್ಲಿ ಮಾತ್ರ ವಿಡಿಯೋ ಆರಾಮಾಗಿ ಓಡುತ್ತಿರುತ್ತದೆ.

ಹೀಗಾದಾಗ ಹೆಚ್ಚಿನವರು ಇಂಟರ್ನೆಟ್ ಪ್ಲಾನ್ ಏರಿಸುತ್ತಾರೆ, ಇಲ್ಲವೇ ದುಬಾರಿ ರೂಟರ್ ತರುತ್ತಾರೆ. ಎರಡಕ್ಕೂ ದುಡ್ಡು ಹೋಗುತ್ತದೆ, ತೊಂದರೆ ಹಾಗೇ ಉಳಿಯುತ್ತದೆ. ಯಾಕೆಂದರೆ ಇಲ್ಲಿ ಸ್ಪೀಡ್ ಕಡಿಮೆಯಾಗಿಲ್ಲ. ಹೊಸದಾಗಿ ಬಂದ ಫೋನಿಗೆ ಕೊಡಲು ರೂಟರ್ ಹತ್ತಿರ ಅಡ್ರೆಸ್ ಖಾಲಿಯಾಗಿದೆ, ಅಷ್ಟೇ. ಒಂದು ನೆಟ್‌ವರ್ಕ್‌ನಲ್ಲಿ ಎಷ್ಟು ಅಡ್ರೆಸ್ ಇರಬಹುದು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಅದನ್ನು ಕಂಡುಹಿಡಿಯಲು ದುಪ್ಪಟ್ಟು ಮಾಡುವ ಮತ್ತು ಕಳೆಯುವ ಲೆಕ್ಕ ಬಂದರೆ ಸಾಕು. ಹೋಂಸ್ಟೇ ನಡೆಸುವವರು, ತೋಟಕ್ಕೆ ಕ್ಯಾಮೆರಾ ಹಾಕಿಸುವವರು, ಶಾಲೆಯ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವರು ಎಲ್ಲರೂ ಇದನ್ನು ಕಲಿಯಬಹುದು.

ಅಡ್ರೆಸ್ ಯಾಕೆ ಬೇಕು

ನೆಟ್‌ವರ್ಕ್‌ಗೆ ಸೇರುವ ಪ್ರತಿ ಸಾಧನಕ್ಕೂ ಒಂದು ಐಪಿ ಅಡ್ರೆಸ್ ಬೇಕು. ಫೋನ್, ಲ್ಯಾಪ್‌ಟಾಪ್, ಟಿವಿ, ಸಿಸಿಟಿವಿ ಕ್ಯಾಮೆರಾ, ಪ್ರಿಂಟರ್, ಕೊನೆಗೆ ರೂಟರ್‌ಗೂ ಒಂದು. ಅಡ್ರೆಸ್ ಇಲ್ಲದಿದ್ದರೆ ನೀವು ಕೇಳಿದ ವಿಡಿಯೋ ಯಾವ ಫೋನಿಗೆ ತಲುಪಬೇಕು ಎಂದು ಗೊತ್ತಾಗುವುದಿಲ್ಲ. ಒಂದೇ ನೆಟ್‌ವರ್ಕ್‌ನಲ್ಲಿ ಎರಡು ಸಾಧನಕ್ಕೆ ಒಂದೇ ಅಡ್ರೆಸ್ ಇರುವ ಹಾಗಿಲ್ಲ. ಇದ್ದರೆ ಎರಡೂ ಆಗಾಗ ಕಡಿದುಹೋಗುತ್ತವೆ.

ನಮ್ಮ ಮನೆಗಳಲ್ಲಿ ಕಾಣುವ ಅಡ್ರೆಸ್ ಹೀಗಿರುತ್ತದೆ: 192.168.1.25. ಚುಕ್ಕೆ ಇಟ್ಟು ಬರೆದ ನಾಲ್ಕು ಭಾಗ. ಪ್ರತಿ ಭಾಗವೂ 0ರಿಂದ 255ರ ಒಳಗಿನ ಒಂದು ಸಂಖ್ಯೆ. ಇದು ಐಪಿಯ ನಾಲ್ಕನೇ ಆವೃತ್ತಿ, ಅಂದರೆ ಐಪಿವಿ4. ಇದರ ನಿಯಮ ಪ್ರಕಟವಾದದ್ದು 1981ರಲ್ಲಿ.

255ಕ್ಕೇ ಯಾಕೆ ನಿಲ್ಲುತ್ತದೆ? ಕಂಪ್ಯೂಟರಿಗೆ ಗೊತ್ತಿರುವುದು 0 ಮತ್ತು 1 ಮಾತ್ರ. ಅಂಥ ಒಂದು ಅಂಕಿಯ ಜಾಗವನ್ನು ಬಿಟ್ ಅನ್ನುತ್ತಾರೆ. ಒಂದು ಬಿಟ್ ಇದ್ದರೆ ಎರಡು ಸಾಧ್ಯತೆ: 0 ಅಥವಾ 1. ಎರಡು ಬಿಟ್ ಇದ್ದರೆ ನಾಲ್ಕು. ಮೂರಕ್ಕೆ ಎಂಟು. ಒಂದೊಂದು ಬಿಟ್ ಸೇರಿದಾಗಲೂ ಸಾಧ್ಯತೆ ದುಪ್ಪಟ್ಟಾಗುತ್ತಾ ಹೋಗುತ್ತದೆ: 2, 4, 8, 16, 32, 64, 128, 256. ಐಪಿ ಅಡ್ರೆಸ್‌ನ ಪ್ರತಿ ಭಾಗಕ್ಕೂ 8 ಬಿಟ್. ಹಾಗಾಗಿ 256 ಸಾಧ್ಯತೆ. ಸೊನ್ನೆಯಿಂದ ಎಣಿಸುವುದರಿಂದ ಕೊನೆಯದು 255. ನಾಲ್ಕು ಭಾಗ ಸೇರಿ ಒಟ್ಟು 32 ಬಿಟ್.

ಈ ದುಪ್ಪಟ್ಟಿನ ಸಾಲನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಲೆಕ್ಕವೆಲ್ಲ ಇದರಲ್ಲೇ ಇದೆ.

ಎಸ್‌ಟಿಡಿ ಕೋಡ್ ನೆನಪಿದೆಯಾ?

ಸಬ್‌ನೆಟ್ ಅಂದರೆ ದೊಡ್ಡ ನೆಟ್‌ವರ್ಕ್‌ನ ಒಂದು ತುಂಡು. ಒಂದೇ ತುಂಡಿನಲ್ಲಿರುವ ಸಾಧನಗಳು ಪರಸ್ಪರ ನೇರವಾಗಿ ಮಾತಾಡಬಲ್ಲವು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಲ್ಯಾಂಡ್‌ಲೈನ್ ನಂಬರ್‌ಗಳೇ ಸಾಕು.

ಬೆಂಗಳೂರಿನ ಎಸ್‌ಟಿಡಿ ಕೋಡ್ 080. ಅಲ್ಲಿನ ಫೋನ್ ನಂಬರ್‌ಗೆ 8 ಅಂಕಿ. ಮೈಸೂರಿನದು 0821, ನಂಬರ್‌ಗೆ 7 ಅಂಕಿ. ಮಡಿಕೇರಿಯದು 08272, ವಿರಾಜಪೇಟೆ 08274, ಸೋಮವಾರಪೇಟೆ 08276. ಈ ಮೂರೂ ಕಡೆ ನಂಬರ್‌ಗೆ 6 ಅಂಕಿ. ಮೊದಲ ಸೊನ್ನೆ ಬಿಟ್ಟು ಕೂಡಿಸಿ ನೋಡಿ. ಎಲ್ಲ ಕಡೆಯೂ ಒಟ್ಟು 10 ಅಂಕಿಯೇ ಬರುತ್ತದೆ. ಒಟ್ಟು ಉದ್ದ ಬದಲಾಗುವುದಿಲ್ಲ. ಕೋಡ್ ಉದ್ದವಾದಷ್ಟೂ ಒಳಗಿನ ನಂಬರ್ ಗಿಡ್ಡವಾಗುತ್ತದೆ. 8 ಅಂಕಿಯಲ್ಲಿ 10 ಕೋಟಿ ನಂಬರ್ ಬರೆಯಬಹುದು. 6 ಅಂಕಿಯಲ್ಲಿ 10 ಲಕ್ಷ ಮಾತ್ರ. ಬೆಂಗಳೂರಿಗೆ ಜಾಸ್ತಿ ಫೋನ್ ಬೇಕು, ಅದಕ್ಕೆ ಗಿಡ್ಡ ಕೋಡ್. ಮಡಿಕೇರಿಗೆ ಅಷ್ಟು ಬೇಡ, ಅದಕ್ಕೆ ಉದ್ದದ ಕೋಡ್.

ಐಪಿ ಅಡ್ರೆಸ್‌ನಲ್ಲೂ ಹೀಗೇ. ಒಟ್ಟು 32 ಬಿಟ್, ಅದು ಬದಲಾಗುವುದಿಲ್ಲ. ಮೊದಲ ಕೆಲವು ಬಿಟ್‌ಗಳು ಸಬ್‌ನೆಟ್‌ನ ಕೋಡ್. ಆ ಸಬ್‌ನೆಟ್‌ನಲ್ಲಿರುವ ಎಲ್ಲ ಸಾಧನಗಳಿಗೂ ಇದು ಒಂದೇ. ಉಳಿದ ಬಿಟ್‌ಗಳು ಒಂದೊಂದು ಸಾಧನಕ್ಕೂ ಬೇರೆ ಬೇರೆ. ಉಳಿದ ಬಿಟ್ ಎಷ್ಟು ಅನ್ನುವುದರ ಮೇಲೆ ಎಷ್ಟು ಸಾಧನ ಹಿಡಿಸುತ್ತದೆ ಎಂಬುದು ನಿಂತಿದೆ.

ಇನ್ನೊಂದು ಹೋಲಿಕೆಯೂ ಇಲ್ಲೇ ಇದೆ. ಮಡಿಕೇರಿಯೊಳಗೆ ಲ್ಯಾಂಡ್‌ಲೈನ್‌ನಿಂದ ಲ್ಯಾಂಡ್‌ಲೈನ್‌ಗೆ ಫೋನ್ ಮಾಡಲು ಕೋಡ್ ಬೇಕಿರಲಿಲ್ಲ. ಹೊರಗಿನ ಊರಿಗಾದರೆ ಕೋಡ್ ಒತ್ತಬೇಕಿತ್ತು. ಹಾಗೆಯೇ ನಿಮ್ಮ ಲ್ಯಾಪ್‌ಟಾಪ್ ಅದೇ ಸಬ್‌ನೆಟ್‌ನ ಪ್ರಿಂಟರ್ ಜೊತೆ ನೇರವಾಗಿ ಮಾತಾಡುತ್ತದೆ. ಹೊರಗಿನ ಅಡ್ರೆಸ್ ಆದರೆ ರೂಟರ್ ಕೈಗೆ ಕೊಡುತ್ತದೆ.

/24 ಅಂದರೆ ಏನು

ಕೋಡ್‌ಗೆ ಎಷ್ಟು ಬಿಟ್ ಹೋಯಿತು ಎಂದು ತಿಳಿಸಲು ಅಡ್ರೆಸ್‌ನ ಕೊನೆಗೆ ಒಂದು ಓರೆಗೆರೆ ಹಾಕಿ ಸಂಖ್ಯೆ ಬರೆಯುತ್ತಾರೆ. 192.168.1.0/24 ಎಂದರೆ ಮೊದಲ 24 ಬಿಟ್ ಕೋಡ್. ಅಂದರೆ 192.168.1 ಎಂಬ ಮೂರು ಭಾಗ ಎಲ್ಲರಿಗೂ ಒಂದೇ. 32ರಲ್ಲಿ 24 ಕಳೆದರೆ 8 ಬಿಟ್ ಉಳಿಯಿತು. 8 ಬಿಟ್‌ಗೆ 256 ಅಡ್ರೆಸ್: 192.168.1.0ಯಿಂದ 192.168.1.255ರವರೆಗೆ.

ಇದರಲ್ಲಿ ಎರಡನ್ನು ಯಾವ ಸಾಧನಕ್ಕೂ ಕೊಡುವ ಹಾಗಿಲ್ಲ. ಮೊದಲನೆಯದು, 192.168.1.0, ಆ ಇಡೀ ಸಬ್‌ನೆಟ್‌ನ ಹೆಸರು. ರೂಟರ್ ತನ್ನ ಪಟ್ಟಿಯಲ್ಲಿ ಸಬ್‌ನೆಟ್ ಅನ್ನು ಈ ಹೆಸರಿನಿಂದಲೇ ಬರೆದಿಟ್ಟುಕೊಳ್ಳುತ್ತದೆ. ಕೊನೆಯದು, 192.168.1.255, ಎಲ್ಲರನ್ನೂ ಒಟ್ಟಿಗೆ ಕರೆಯುವ ಅಡ್ರೆಸ್. ಇದಕ್ಕೆ ಕಳಿಸಿದ ಸಂದೇಶ ಸಬ್‌ನೆಟ್‌ನ ಎಲ್ಲ ಸಾಧನಕ್ಕೂ ಹೋಗುತ್ತದೆ. ಇದನ್ನು ಬ್ರಾಡ್‌ಕಾಸ್ಟ್ ಅಡ್ರೆಸ್ ಅನ್ನುತ್ತಾರೆ. 256ರಲ್ಲಿ ಈ ಎರಡನ್ನು ಕಳೆದರೆ 254. ರೂಟರ್‌ಗೂ ಒಂದು ಬೇಕಲ್ವಾ? ಸಾಮಾನ್ಯವಾಗಿ 192.168.1.1 ಅದರದೇ. ಹಾಗಾಗಿ ನಿಮ್ಮ ಕೈಗೆ ಸಿಗುವುದು 253.

ರೂಟರ್‌ನ ಸೆಟ್ಟಿಂಗ್ ಪುಟದಲ್ಲಿ /24 ಎಂದು ಇಲ್ಲದೆ 255.255.255.0 ಎಂದು ಇರಬಹುದು. ಅದನ್ನು ಸಬ್‌ನೆಟ್ ಮಾಸ್ಕ್ ಅನ್ನುತ್ತಾರೆ. ಎರಡೂ ಒಂದೇ ಮಾತು. 255 ಎಂದರೆ ಎಂಟೂ ಬಿಟ್ 1. ಮೂರು ಸಲ 255 ಬಂದರೆ 24 ಬಿಟ್ 1. ಎಲ್ಲಿಯವರೆಗೆ 1 ಇದೆಯೋ ಅಲ್ಲಿಯವರೆಗೆ ಕೋಡ್. ಫೋನ್ ಯಾರಿಗಾದರೂ ಸಂದೇಶ ಕಳಿಸುವ ಮೊದಲು ತನ್ನ ಅಡ್ರೆಸ್‌ನ ಆ ಭಾಗವನ್ನೂ ಅವರ ಅಡ್ರೆಸ್‌ನ ಆ ಭಾಗವನ್ನೂ ಹೋಲಿಸಿ ನೋಡುತ್ತದೆ. ಒಂದೇ ಆದರೆ ಒಳಗಿನವರು, ಬೇರೆಯಾದರೆ ಹೊರಗಿನವರು.

ಬೇರೆ ಅಳತೆಗಳ ಲೆಕ್ಕ

ನಿಯಮ ಒಂದೇ. 32ರಲ್ಲಿ ಓರೆಗೆರೆಯ ಮುಂದಿನ ಸಂಖ್ಯೆಯನ್ನು ಕಳೆಯಿರಿ. 1ರಿಂದ ಶುರು ಮಾಡಿ, ಬಂದ ಉತ್ತರದಷ್ಟು ಸಲ 2ರಿಂದ ಗುಣಿಸುತ್ತಾ ಹೋಗಿ. ಕೊನೆಗೆ 2 ಕಳೆಯಿರಿ.

/26 ನೋಡೋಣ. 32ರಲ್ಲಿ 26 ಹೋದರೆ 6. ನಮ್ಮ ದುಪ್ಪಟ್ಟಿನ ಸಾಲಿನಲ್ಲಿ ಆರನೆಯದು 64. ಎರಡು ಕಳೆದರೆ 62. ಹೀಗೇ /25ಕ್ಕೆ 126, /27ಕ್ಕೆ 30, /28ಕ್ಕೆ 14, /29ಕ್ಕೆ 6, /30ಕ್ಕೆ 2. ದೊಡ್ಡದರ ಕಡೆಗೆ ಹೋದರೆ /23ಕ್ಕೆ 510, /22ಕ್ಕೆ 1022. ಓರೆಗೆರೆಯ ಸಂಖ್ಯೆ ಒಂದು ಕಡಿಮೆಯಾದರೆ ಜಾಗ ದುಪ್ಪಟ್ಟು, ಒಂದು ಹೆಚ್ಚಾದರೆ ಅರ್ಧ. ಮೊದಮೊದಲು ಇದು ತಲೆಕೆಳಗಾಗಿ ಕಾಣುತ್ತದೆ. ಎಸ್‌ಟಿಡಿ ಕೋಡ್ ಉದ್ದವಾದಷ್ಟೂ ನಂಬರ್ ಕಡಿಮೆ ಎಂಬುದನ್ನು ನೆನಪಿಟ್ಟುಕೊಂಡರೆ ಸಾಕು.

ಮಾಸ್ಕ್ ಮಾತ್ರ ಗೊತ್ತಿದ್ದರೆ ಇನ್ನೂ ಸುಲಭದ ದಾರಿಯಿದೆ. 255.255.255.192 ಎಂದಿದ್ದರೆ 256ರಲ್ಲಿ 192 ಕಳೆಯಿರಿ. 64 ಬಂತು. ಎರಡು ಕಳೆದರೆ 62. ಮೂರನೇ ಭಾಗದಲ್ಲಿ ಬದಲಾವಣೆ ಇದ್ದರೆ, ಉದಾಹರಣೆಗೆ 255.255.252.0 ಇದ್ದರೆ, 256ರಲ್ಲಿ 252 ಕಳೆದು ಬಂದ 4ನ್ನು 256ರಿಂದ ಗುಣಿಸಿ. 1024. ಎರಡು ಕಳೆದರೆ 1022.

ಸಬ್‌ನೆಟ್ ಎಲ್ಲಿ ಶುರುವಾಗುತ್ತದೆ ಎಂಬುದಕ್ಕೂ ಕಟ್ಟುನಿಟ್ಟು ಇದೆ. 64 ಅಡ್ರೆಸ್‌ನ ತುಂಡುಗಳು 0, 64, 128, 192 ಇಲ್ಲಿಂದಲೇ ಶುರುವಾಗಬೇಕು. ನಡುವೆ ಎಲ್ಲೋ 50ರಿಂದ ಶುರು ಮಾಡಲು ಆಗುವುದಿಲ್ಲ. ನಿಮ್ಮ ಕಂಪ್ಯೂಟರಿನ ಅಡ್ರೆಸ್ 192.168.1.77/26 ಎಂದಿರಲಿ. 77 ಇರುವುದು 64ರಿಂದ 127ರ ತುಂಡಿನಲ್ಲಿ. 64 ಸಬ್‌ನೆಟ್‌ನ ಹೆಸರು, 127 ಬ್ರಾಡ್‌ಕಾಸ್ಟ್. ಸಾಧನಗಳಿಗೆ ಸಿಗುವುದು 65ರಿಂದ 126.

/23ರಲ್ಲಿ ಒಂದು ವಿಷಯ ಹಲವರನ್ನು ಗೊಂದಲಕ್ಕೆ ತಳ್ಳುತ್ತದೆ. 192.168.0.0/23 ಎಂದರೆ 192.168.0.0ಯಿಂದ 192.168.1.255ರವರೆಗೆ ಒಂದೇ ಸಬ್‌ನೆಟ್. ಇದರಲ್ಲಿ 192.168.0.255 ಮತ್ತು 192.168.1.0 ನಟ್ಟನಡುವೆ ಬರುತ್ತವೆ. ಇವು ಎರಡೂ ಸಾಧನಕ್ಕೆ ಕೊಡಬಹುದಾದ ಸಾಮಾನ್ಯ ಅಡ್ರೆಸ್‌ಗಳು! ಸೊನ್ನೆಯಲ್ಲಿ ಅಥವಾ 255ರಲ್ಲಿ ಮುಗಿಯುವುದೆಲ್ಲ ಮೀಸಲು ಅಂತ ತಿಳಿಯಬೇಡಿ. ಮೀಸಲಾಗಿರುವುದು ತುಂಡಿನ ತೀರಾ ಮೊದಲನೆಯದು ಮತ್ತು ತೀರಾ ಕೊನೆಯದು ಮಾತ್ರ.

ಎರಡು ಕಳೆಯುವ ನಿಯಮಕ್ಕೆ ಹೊರತಾದದ್ದೂ ಇದೆ. ಎರಡು ರೂಟರ್‌ಗಳನ್ನು ನೇರ ಒಂದು ತಂತಿಯಲ್ಲಿ ಜೋಡಿಸುವಾಗ /31 ಬಳಸಿ ಎರಡು ಅಡ್ರೆಸ್‌ನ್ನೂ ಕೊಡಬಹುದು. 2000ದಲ್ಲಿ ಇದಕ್ಕೆ ನಿಯಮ ಬಂತು. /32 ಎಂದರೆ ಒಂದೇ ಒಂದು ಅಡ್ರೆಸ್. ಮನೆ, ಹೋಂಸ್ಟೇಗಳಲ್ಲಿ ಇವೆರಡರ ಗೊಡವೆ ಬರುವುದಿಲ್ಲ.

254 ಇದ್ದರೂ ಖಾಲಿಯಾಗುವುದು ಹೇಗೆ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಹೆಚ್ಚಿನ ಹೋಂಸ್ಟೇಗಳ ತೊಂದರೆ ಇರುವುದು ಇಲ್ಲೇ.

ಹತ್ತು ಕೋಣೆಯ ಒಂದು ಹೋಂಸ್ಟೇ ಇದೆ ಅಂದುಕೊಳ್ಳಿ. ಕೋಣೆಗೆ ಮೂವರಂತೆ 30 ಜನ. ಒಬ್ಬರಿಗೆ ಎರಡು ಸಾಧನ ಹಿಡಿಯಿರಿ: ಫೋನ್ ಒಂದು, ಲ್ಯಾಪ್‌ಟಾಪೋ ಟ್ಯಾಬೋ ಇನ್ನೊಂದು. 60 ಆಯಿತು. ಕೋಣೆಗೊಂದು ಟಿವಿ, 10. ಮನೆಯವರು ಮತ್ತು ಕೆಲಸದವರ ಫೋನ್ 10. ಕ್ಯಾಮೆರಾ 8. ಅಲ್ಲಲ್ಲಿ ವೈಫೈ ಹರಡುವ ಆಕ್ಸೆಸ್ ಪಾಯಿಂಟ್ 4. ಬಿಲ್ ಹಾಕುವ ಕಂಪ್ಯೂಟರ್, ಪ್ರಿಂಟರ್, ರೂಟರ್ ಸೇರಿ 3. ಒಟ್ಟು 95. /26ರ 62 ಸಾಲದು. /25ರ 126ರಲ್ಲಿ ಹಿಡಿಸುತ್ತದೆ. /24 ಆದರೆ ಧಾರಾಳ. ರೂಟರ್‌ಗಳು ಸಾಮಾನ್ಯವಾಗಿ ಬರುವುದೇ /24ರಲ್ಲಿ. ಹಾಗಿದ್ದರೆ ಅಡ್ರೆಸ್ ಯಾಕೆ ಖಾಲಿಯಾಗುತ್ತದೆ?

ಹೊಸ ಫೋನಿಗೆ ಅಡ್ರೆಸ್ ಹಂಚುವ ಕೆಲಸಕ್ಕೆ ಡಿಎಚ್‌ಸಿಪಿ ಎಂದು ಹೆಸರು. ರೂಟರ್‌ನಲ್ಲೇ ಇದು ಇರುತ್ತದೆ. ಸಬ್‌ನೆಟ್‌ನಲ್ಲಿ 254 ಅಡ್ರೆಸ್ ಇದ್ದರೂ ಡಿಎಚ್‌ಸಿಪಿ ಅಷ್ಟನ್ನೂ ಹಂಚುವುದಿಲ್ಲ. ಯಾವುದರಿಂದ ಯಾವುದರವರೆಗೆ ಹಂಚಬೇಕು ಎಂದು ಒಂದು ಮಿತಿ ಹಾಕಿಟ್ಟಿರುತ್ತಾರೆ. ಕೆಲವು ರೂಟರ್‌ಗಳಲ್ಲಿ ಅದು 100ರಿಂದ 199ರವರೆಗೆ ಮಾತ್ರ ಇರುತ್ತದೆ. ಅಂದರೆ ನೂರೇ ಅಡ್ರೆಸ್. ಉಳಿದ ನೂರೈವತ್ತು ಸುಮ್ನೆ ಬಿದ್ದಿರುತ್ತವೆ.

ಎರಡನೆಯ ಕಾರಣ ಅವಧಿ. ಡಿಎಚ್‌ಸಿಪಿ ಅಡ್ರೆಸ್ ಅನ್ನು ಶಾಶ್ವತವಾಗಿ ಕೊಡುವುದಿಲ್ಲ, ಇಷ್ಟು ಗಂಟೆಗೆ ಅಂತ ಕೊಡುತ್ತದೆ. ಅದನ್ನು ಲೀಸ್ ಅನ್ನುತ್ತಾರೆ. ಬಹಳಷ್ಟು ರೂಟರ್‌ಗಳಲ್ಲಿ ಇದು 24 ಗಂಟೆ. ಈಗ ಹೋಂಸ್ಟೇಯ ಒಂದು ದಿನ ನೋಡಿ. ಬೆಳಿಗ್ಗೆ 11ಕ್ಕೆ 30 ಜನ ಕೋಣೆ ಬಿಟ್ಟು ಹೊರಟರು. ಅವರ 60 ಸಾಧನಗಳ ಅಡ್ರೆಸ್ ಅವಧಿ ಇನ್ನೂ ಮುಗಿದಿಲ್ಲ. ಅವರು ಕುಶಾಲನಗರ ದಾಟಿ ಮೈಸೂರು ಸೇರಿದರೂ ರೂಟರ್‌ನ ಪಟ್ಟಿಯಲ್ಲಿ ಆ 60 ಅಡ್ರೆಸ್ ಅವರ ಹೆಸರಲ್ಲೇ ಇರುತ್ತದೆ. ಮಧ್ಯಾಹ್ನ ಹೊಸಬರು 30 ಜನ ಬಂದರು. ಇನ್ನೂ 60 ಬೇಕು. 120 ಆಯಿತು. ಟಿವಿ, ಮನೆಯವರ ಫೋನ್ ಬೇರೆ. ನೂರರ ಮಿತಿ ಸಂಜೆಯೊಳಗೆ ಮುಗಿಯಿತು. ಬೆಳಿಗ್ಗೆಯಿಂದ ಇದ್ದವರಿಗೆ ಏನೂ ಆಗಿಲ್ಲ, ಸಂಜೆ ಬಂದವರಿಗೆ ಮಾತ್ರ ಸಿಗುತ್ತಿಲ್ಲ ಎಂಬುದರ ಗುಟ್ಟು ಇದು. ಮರುದಿನ ತಾನಾಗಿಯೇ ಸರಿಹೋಗುವುದೂ ಇದರಿಂದಲೇ.

ಮೂರನೆಯದು ಈಚಿನ ವರ್ಷಗಳಲ್ಲಿ ಸೇರಿಕೊಂಡದ್ದು. ರೂಟರ್ ಫೋನನ್ನು ಗುರುತಿಸುವುದು ಮ್ಯಾಕ್ ಅಡ್ರೆಸ್ ಎಂಬ ಗುರುತಿನಿಂದ. ಮೊದಲು ಒಂದು ಫೋನಿಗೆ ಒಂದೇ ಇರುತ್ತಿತ್ತು. ಯಾರೂ ಹಿಂಬಾಲಿಸಬಾರದು ಎಂದು 2019ರ ಆಂಡ್ರಾಯ್ಡ್ 10 ಮತ್ತು 2020ರ ಐಒಎಸ್ 14ರಿಂದ ಫೋನ್‌ಗಳು ಒಂದೊಂದು ವೈಫೈಗೂ ಬೇರೆ ಬೇರೆ ಗುರುತು ತೋರಿಸತೊಡಗಿದವು. ಕೆಲವು ಸೆಟ್ಟಿಂಗ್‌ಗಳಲ್ಲಿ ಒಂದೇ ವೈಫೈಗೂ ಆ ಗುರುತು ಆಗಾಗ ಬದಲಾಗುತ್ತದೆ. ರೂಟರ್‌ಗೆ ಅದು ಹೊಸ ಫೋನಿನಂತೆ ಕಾಣುತ್ತದೆ, ಮತ್ತೊಂದು ಅಡ್ರೆಸ್ ಕೊಡುತ್ತದೆ. ಜನರ ಖಾಸಗಿತನಕ್ಕೆ ಇದು ಒಳ್ಳೆಯದೇ. ಅಡ್ರೆಸ್ ಲೆಕ್ಕ ಹಾಕುವಾಗ ಮಾತ್ರ ಸ್ವಲ್ಪ ಹೆಚ್ಚು ಹಿಡಿಯಬೇಕು.

ಹಾಗಾಗಿ ಮೊದಲು ಮಾಡಬೇಕಾದದ್ದು ದುಡ್ಡಿಲ್ಲದ ಕೆಲಸ. ಡಿಎಚ್‌ಸಿಪಿ ಪುಟ ತೆರೆದು ಮಿತಿಯನ್ನು ಅಗಲಿಸಿ. 20ರಿಂದ 250ರವರೆಗೆ ಎಂದು ಬದಲಿಸಿದರೆ 231 ಅಡ್ರೆಸ್ ಸಿಕ್ಕಿತು. 2ರಿಂದ 19ರವರೆಗಿನವು ಕ್ಯಾಮೆರಾ, ಪ್ರಿಂಟರ್, ಆಕ್ಸೆಸ್ ಪಾಯಿಂಟ್‌ಗಳಿಗೆ ಕಾಯಂ ಆಗಿ ಇರಲಿ. ಲೀಸ್ ಅನ್ನು 24 ಗಂಟೆಯಿಂದ 2 ಅಥವಾ 3 ಗಂಟೆಗೆ ಇಳಿಸಿ. ಹೀಗೆ ಮಾಡಿದರೆ ಕೂತು ಕೆಲಸ ಮಾಡುತ್ತಿರುವವರ ಕನೆಕ್ಷನ್ ಕಡಿದುಹೋಗುತ್ತದೆಯೇ ಎಂಬ ಭಯ ಬೇಡ. ಅವಧಿ ಅರ್ಧ ಕಳೆದಾಗಲೇ ಫೋನ್ ತಾನಾಗಿ ಕೇಳಿ ಮುಂದುವರಿಸಿಕೊಳ್ಳುತ್ತದೆ. ಹೊರಟುಹೋದವರ ಅಡ್ರೆಸ್ ಮಾತ್ರ ಬೇಗ ವಾಪಸ್ ಬರುತ್ತದೆ.

ನಿಜವಾಗಿಯೂ ಅಡ್ರೆಸ್ ತೊಂದರೆಯೇ? ಹೀಗೆ ನೋಡಿ

ಕನೆಕ್ಟ್ ಆಗದ ಲ್ಯಾಪ್‌ಟಾಪ್‌ನಲ್ಲಿ ವೈಫೈ ವಿವರ ತೆರೆದು ಐಪಿ ಅಡ್ರೆಸ್ ನೋಡಿ. 169.254 ಎಂದು ಶುರುವಾಗುವ ಸಂಖ್ಯೆ ಇದ್ದರೆ ಅದಕ್ಕೆ ರೂಟರ್‌ನಿಂದ ಅಡ್ರೆಸ್ ಸಿಕ್ಕಿಲ್ಲ ಎಂದೇ ಅರ್ಥ. ಯಾರೂ ಕೊಡದಿದ್ದಾಗ ಕಂಪ್ಯೂಟರ್ ತಾನೇ ಹಾಕಿಕೊಳ್ಳುವ ಅಡ್ರೆಸ್ ಅದು. ಅದರಿಂದ ಇಂಟರ್ನೆಟ್ ಬರುವುದಿಲ್ಲ. ಆಮೇಲೆ ರೂಟರ್‌ನ ಪುಟದಲ್ಲಿ ಈಗ ಎಷ್ಟು ಅಡ್ರೆಸ್ ಹಂಚಿಹೋಗಿದೆ ಎಂಬ ಪಟ್ಟಿ ನೋಡಿ. ಪಟ್ಟಿಯ ಉದ್ದವೂ ಮಿತಿಯೂ ಒಂದೇ ಆಗಿದ್ದರೆ ಅನುಮಾನವೇ ಬೇಡ.

ಅಡ್ರೆಸ್ ಸರಿಯಾಗಿ ಸಿಕ್ಕಿದೆ, ಆದರೂ ನಿಧಾನ ಅಂದರೆ ತೊಂದರೆ ಬೇರೆ ಕಡೆ ಇದೆ. ಸಬ್‌ನೆಟ್ ಹೇಳುವುದು ಅಡ್ರೆಸ್ ಎಷ್ಟಿದೆ ಎಂಬುದನ್ನು ಮಾತ್ರ. ರೇಡಿಯೋ ಅಲೆಗಳ ಶಕ್ತಿ ಬೇರೆ ವಿಷಯ. ಮನೆಬಳಕೆಯ ಒಂದು ರೂಟರ್‌ಗೆ 254 ಅಡ್ರೆಸ್ ಇದ್ದರೂ ಅಷ್ಟು ಫೋನ್‌ಗಳ ಜೊತೆ ಒಟ್ಟಿಗೆ ಮಾತಾಡುವ ತಾಕತ್ತು ಇರುವುದಿಲ್ಲ. ಹಳೆಯ ಐನ್‌ಮನೆಗಳ ದಪ್ಪ ಗೋಡೆ ದಾಟಿ ಸಿಗ್ನಲ್ ಹೋಗುವುದೂ ಕಷ್ಟ. ಅಲ್ಲಿ ಬೇಕಾಗುವುದು ಹೆಚ್ಚು ಆಕ್ಸೆಸ್ ಪಾಯಿಂಟ್.

ಆಕ್ಸೆಸ್ ಪಾಯಿಂಟ್ ಬದಲು ಮನೆಯಲ್ಲಿ ಬಿದ್ದಿದ್ದ ಹಳೆಯ ರೂಟರ್ ಜೋಡಿಸುವವರೂ ಇದ್ದಾರೆ. ಜೋಡಿಸಬಹುದು. ಆದರೆ ಅದರ ಡಿಎಚ್‌ಸಿಪಿ ಆಫ್ ಮಾಡಲೇಬೇಕು. ಇಲ್ಲದಿದ್ದರೆ ಒಂದೇ ನೆಟ್‌ವರ್ಕ್‌ನಲ್ಲಿ ಇಬ್ಬರು ಅಡ್ರೆಸ್ ಹಂಚಲು ಕೂರುತ್ತಾರೆ. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಗೊತ್ತಿರುವುದಿಲ್ಲ.

ದೊಡ್ಡದನ್ನೇ ಹಾಕಿಬಿಟ್ಟರೆ ಆಗದೇ?

ಮದುವೆ ಮಂಟಪದ ಲೆಕ್ಕ ನೋಡೋಣ. 600 ಜನರ ಮದುವೆ. ಅರ್ಧದಷ್ಟು ಜನ ವೈಫೈಗೆ ಬಂದರೂ 300. /24 ಸಾಲದು. /23ರ 510 ಸಾಕಾಗುತ್ತದೆ. ಎಲ್ಲರೂ ಬಂದರೆ /22 ಬೇಕು. ಹಾಗಾದರೆ ಯೋಚನೆಯೇ ಬೇಡ, 65,534 ಸಾಧನ ಹಿಡಿಸುವ /16 ಹಾಕಿಬಿಡೋಣ ಅನ್ನಿಸಬಹುದು. ಇದಕ್ಕೆ ಹೆಚ್ಚು ದುಡ್ಡೂ ಬೇಡ.

ದುಡ್ಡು ಬೇಡ ಯಾಕೆಂದರೆ ಇವು ಖಾಸಗಿ ಅಡ್ರೆಸ್‌ಗಳು. 32 ಬಿಟ್‌ನಲ್ಲಿ ಒಟ್ಟು ಬರೆಯಬಹುದಾದದ್ದು ಸುಮಾರು 429 ಕೋಟಿ ಅಡ್ರೆಸ್. ಜಗತ್ತಿನ ಎಲ್ಲ ಸಾಧನಕ್ಕೂ ಅದು ಸಾಲದು. 2011ರ ಫೆಬ್ರವರಿಯಲ್ಲಿ ಜಾಗತಿಕ ಸಂಗ್ರಹದಲ್ಲಿದ್ದ ಕೊನೆಯ ದೊಡ್ಡ ತುಂಡುಗಳೂ ಹಂಚಿಹೋದವು. ಆದರೆ 1996ರ ನಿಯಮದ ಪ್ರಕಾರ ಮೂರು ಭಾಗವನ್ನು ಯಾರು ಬೇಕಾದರೂ ತಮ್ಮ ಮನೆಯೊಳಗೆ ಬಳಸಲು ಬಿಟ್ಟಿದ್ದಾರೆ: 10ರಿಂದ ಶುರುವಾಗುವ ಎಲ್ಲವೂ, 172.16ರಿಂದ 172.31ರವರೆಗಿನವು, 192.168ರಿಂದ ಶುರುವಾಗುವವು. ನಾಪೋಕ್ಲಿನ ಮನೆಯಲ್ಲೂ 192.168.1.25 ಇರಬಹುದು, ಗೋಣಿಕೊಪ್ಪದ ಅಂಗಡಿಯಲ್ಲೂ ಇರಬಹುದು. ಹೊರಗೆ ಹೋಗುವಾಗ ರೂಟರ್ ಅದನ್ನು ಹೊರಗಿನ ಒಂದು ಅಡ್ರೆಸ್‌ಗೆ ಬದಲಿಸುವುದರಿಂದ ಗೊಂದಲವಾಗುವುದಿಲ್ಲ.

ದೊಡ್ಡ ಸಬ್‌ನೆಟ್ ಬೇಡ ಅನ್ನಲು ಕಾರಣ ಎರಡು. ಮೊದಲನೆಯದು ಗದ್ದಲ. ಸಾಧನಗಳು ಆಗಾಗ ಎಲ್ಲರಿಗೂ ಕೇಳುವಂತೆ ಕೂಗುತ್ತಿರುತ್ತವೆ: ಈ ಅಡ್ರೆಸ್ ಯಾರದ್ದು, ಪ್ರಿಂಟರ್ ಎಲ್ಲಿದೆ, ಹೀಗೆ. ಇಂಥ ಬ್ರಾಡ್‌ಕಾಸ್ಟ್ ಸಂದೇಶವನ್ನು ಎಲ್ಲ ಸಾಧನವೂ ಕೇಳಿಸಿಕೊಳ್ಳಬೇಕು. ವೈಫೈಯಲ್ಲಿ ಇದನ್ನು ದೂರದ ಫೋನಿಗೂ ತಲುಪಲಿ ಎಂದು ಕಡಿಮೆ ವೇಗದಲ್ಲಿ ಕಳಿಸುತ್ತಾರೆ. ಅಷ್ಟು ಹೊತ್ತು ಉಳಿದವರು ಕಾಯಬೇಕು. ಒಂದೇ ಸಬ್‌ನೆಟ್‌ನಲ್ಲಿ ಸಾಧನ ಹೆಚ್ಚಿದಂತೆ ಈ ಗದ್ದಲವೂ ಹೆಚ್ಚುತ್ತದೆ.

ಎರಡನೆಯದು ಸುರಕ್ಷತೆ. ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಎಲ್ಲ ಒಂದೇ ಸಬ್‌ನೆಟ್‌ನಲ್ಲಿದ್ದರೆ ಎರಡು ದಿನಕ್ಕೆ ಬಂದ ಅಪರಿಚಿತರ ಲ್ಯಾಪ್‌ಟಾಪ್‌ಗೂ ನಿಮ್ಮ ಗೇಟಿನ ಕ್ಯಾಮೆರಾಗೂ ನಡುವೆ ಅಡ್ಡಿಯೇ ಇಲ್ಲ. ಕ್ಯಾಮೆರಾದ ಪಾಸ್‌ವರ್ಡ್ ಅಂಗಡಿಯಿಂದ ಬಂದಾಗ ಇದ್ದದ್ದೇ ಉಳಿದಿದ್ದರೆ ಕೇಳುವುದೇ ಬೇಡ.

ತುಂಡು ಮಾಡಿ ಹಂಚುವುದು

ಹಾಗಾಗಿ ಒಂದು ಜಾಗವನ್ನು ಬೇರೆ ಬೇರೆ ಅಳತೆಯ ತುಂಡು ಮಾಡುತ್ತಾರೆ. ತೋಟ ಮತ್ತು ಹೋಂಸ್ಟೇ ಎರಡೂ ಇರುವ ಒಂದು ಮನೆ ತೆಗೆದುಕೊಳ್ಳಿ. 192.168.1.0/24 ಇದೆ. ಇದರಲ್ಲಿ 0ಯಿಂದ 127ರವರೆಗಿನ /25 ಅತಿಥಿಗಳಿಗೆ, 126 ಸಾಧನ. 128ರಿಂದ 191ರ /26 ಮನೆಯವರಿಗೆ, ಟಿವಿಗಳಿಗೆ, 62. 192ರಿಂದ 223ರ /27 ಕ್ಯಾಮೆರಾಗಳಿಗೆ, 30. ಗೇಟು, ಕಾಫಿ ಒಣಗಿಸುವ ಕಣ, ಪಲ್ಪರ್ ಮನೆ, ಗೋದಾಮು, ಲೈನ್ ಮನೆಯ ದಾರಿ ಎಲ್ಲ ಸೇರಿ 20 ಕ್ಯಾಮೆರಾ ಆದರೂ ಹಿಡಿಸುತ್ತದೆ, ಮುಂದಕ್ಕೂ ಉಳಿಯುತ್ತದೆ. 224ರಿಂದ 239ರ /28 ಆಫೀಸಿನ ಕಂಪ್ಯೂಟರ್, ಪ್ರಿಂಟರ್‌ಗೆ, 14. 240ರಿಂದ 255 ಖಾಲಿ ಇಟ್ಟುಕೊಳ್ಳಿ, ಮುಂದೆ ಏನಾದರೂ ಬಂದರೆ.

ತುಂಡು ಮಾಡಿದಷ್ಟೂ ಸ್ವಲ್ಪ ನಷ್ಟವಿದೆ. ಪ್ರತಿ ತುಂಡಿಗೂ ಎರಡು ಅಡ್ರೆಸ್ ಮೀಸಲು ಹೋಗುತ್ತದೆ. /24ನ್ನು ನಾಲ್ಕು /26 ಮಾಡಿದರೆ 62ರಂತೆ 248 ಸಿಗುತ್ತದೆ, 254 ಸಿಗುವುದಿಲ್ಲ. ರೂಟರ್‌ಗೂ ಪ್ರತಿ ತುಂಡಿನಲ್ಲಿ ಒಂದು ಅಡ್ರೆಸ್ ಬೇಕು. ಅಡ್ರೆಸ್ ಪುಕ್ಕಟೆ ಇರುವಾಗ ಇಷ್ಟು ಜಿಪುಣತನವೂ ಬೇಕಿಲ್ಲ. ಅತಿಥಿಗಳಿಗೆ 192.168.10.0/24, ಕ್ಯಾಮೆರಾಗೆ 192.168.20.0/24 ಎಂದು ಇಟ್ಟರೂ ನಡೆಯುತ್ತದೆ. ನೋಡಿದ ಕೂಡಲೇ ಯಾವುದು ಯಾವುದೆಂದು ತಿಳಿಯುತ್ತದೆ.

ಅಡ್ರೆಸ್ ಬೇರೆ ಮಾಡಿದ ಮಾತ್ರಕ್ಕೆ ಅಡ್ಡಗೋಡೆ ಬರುವುದಿಲ್ಲ ಎಂಬುದನ್ನು ಗಮನಿಸಿ. ಒಂದೇ ಸ್ವಿಚ್‌ನಲ್ಲಿ (ಹಲವು ಸಾಧನಗಳ ತಂತಿ ಜೋಡಿಸುವ ಪೆಟ್ಟಿಗೆ) ಬೇರೆ ಬೇರೆ ಸಬ್‌ನೆಟ್ ನಿಜವಾಗಿ ಬೇರೆಯಾಗಿರಲು ವಿಎಲ್ಎಎನ್ ಎಂಬ ಸೌಲಭ್ಯ ಬೇಕು. ಸಬ್‌ನೆಟ್‌ಗಳ ನಡುವೆ ಏನು ದಾಟಬಹುದು, ಏನು ದಾಟಬಾರದು ಎಂದು ರೂಟರ್‌ನಲ್ಲಿ ಬರೆಯಬೇಕು. ಮನೆಬಳಕೆಯ ಹಲವು ರೂಟರ್‌ಗಳಲ್ಲಿ ಗೆಸ್ಟ್ ನೆಟ್‌ವರ್ಕ್ ಎಂಬ ಆಯ್ಕೆ ಇರುತ್ತದೆ. ಸಣ್ಣ ಹೋಂಸ್ಟೇಗೆ ಅದೇ ಸಾಕು.

ಎಲ್ಲ ಕಡೆ /24 ಯಾಕೆ ಕಾಣುತ್ತದೆ

1993ಕ್ಕೆ ಮುಂಚೆ ಅಳತೆಗಳು ಮೂರೇ ಇದ್ದವು. ಎ ದರ್ಜೆಗೆ ಸುಮಾರು 1 ಕೋಟಿ 67 ಲಕ್ಷ ಸಾಧನ, ಬಿ ದರ್ಜೆಗೆ 65,534, ಸಿ ದರ್ಜೆಗೆ 254. ಒಂದು ಕಾಲೇಜಿಗೆ 300 ಬೇಕಿದ್ದರೆ ಸಿ ಸಾಲದು, ಬಿ ತೆಗೆದುಕೊಂಡರೆ 65 ಸಾವಿರ ವ್ಯರ್ಥ. ಅಡ್ರೆಸ್ ಬೇಗ ಮುಗಿಯಲು ಇದೂ ಒಂದು ಕಾರಣವಾಯಿತು. 1993ರಲ್ಲಿ ಈ ದರ್ಜೆಗಳನ್ನು ಬಿಟ್ಟು, ಗೆರೆಯನ್ನು ಯಾವ ಬಿಟ್‌ನಲ್ಲಿ ಬೇಕಾದರೂ ಎಳೆಯಬಹುದು ಎಂಬ ಪದ್ಧತಿ ತಂದರು. ಓರೆಗೆರೆಯ ಬರಹ ಬಂದದ್ದು ಅದರಿಂದ. ಇಂದಿನ /24 ಹಳೆಯ ಸಿ ದರ್ಜೆಯ ಅಳತೆಯೇ.

ಹೊಸ ಪೀಳಿಗೆಯ ಐಪಿವಿ6ರಲ್ಲಿ 128 ಬಿಟ್. ಅಲ್ಲಿ ಒಂದು ಮನೆಯ ಒಂದು ಸಬ್‌ನೆಟ್‌ಗೆ ಸಾಮಾನ್ಯವಾಗಿ /64 ಕೊಡುತ್ತಾರೆ. ಉಳಿಯುವ 64 ಬಿಟ್‌ನಲ್ಲಿ 1,84,467 ಅನ್ನು ಬರೆದು ಮುಂದೆ 14 ಅಂಕಿ ಹಾಕಿದಷ್ಟು ಅಡ್ರೆಸ್. ಅಲ್ಲಿ ಎಷ್ಟು ಹಿಡಿಸುತ್ತದೆ ಎಂದು ಎಣಿಸುವ ಕೆಲಸವೇ ಇಲ್ಲ. ಆದರೆ ಹಳೆಯ ಕ್ಯಾಮೆರಾ, ಪ್ರಿಂಟರ್‌ಗಳಲ್ಲಿ ಹಲವು ಐಪಿವಿ4 ಮಾತ್ರ ಬಲ್ಲವು. ಹಾಗಾಗಿ ಈ ಲೆಕ್ಕ ಇನ್ನೂ ಕೆಲವು ವರ್ಷ ಬೇಕಾಗುತ್ತದೆ.

ಬದಲಿಸುವಾಗ ಗಮನಿಸಬೇಕಾದದ್ದು

/24ರಿಂದ /23ಕ್ಕೆ ಹೋಗುವುದಾದರೆ ರೂಟರ್‌ನಲ್ಲಿ ಮಾಸ್ಕ್ 255.255.254.0 ಎಂದು ಬದಲಿಸಿ, ಡಿಎಚ್‌ಸಿಪಿ ಮಿತಿಯನ್ನೂ ಹಿಗ್ಗಿಸಿ. ಮಾಸ್ಕ್ ಮಾತ್ರ ಬದಲಿಸಿ ಮಿತಿ ಹಾಗೇ ಬಿಟ್ಟರೆ ಒಂದು ಅಡ್ರೆಸ್ಸೂ ಹೆಚ್ಚಾಗುವುದಿಲ್ಲ. ಶುರುವಿನ ಅಡ್ರೆಸ್ ಮೂರನೇ ಭಾಗದಲ್ಲಿ ಸಮ ಸಂಖ್ಯೆ ಇರಬೇಕು. ಈಗ 192.168.1.0/24 ಇದ್ದರೆ, /23 ಆದಾಗ ಅದು 192.168.0.0ಯಿಂದ ಶುರುವಾಗುತ್ತದೆ. ರೂಟರ್ 192.168.1.1ರಲ್ಲೇ ಇರಬಹುದು, ಅದನ್ನು ಬದಲಿಸಬೇಕಿಲ್ಲ.

ಡಿಎಚ್‌ಸಿಪಿಯಿಂದ ಅಡ್ರೆಸ್ ಪಡೆಯುವ ಫೋನ್‌ಗಳಿಗೆ ಹೊಸ ಮಾಸ್ಕ್ ತಾನಾಗಿ ಹೋಗುತ್ತದೆ. ಕೈಯಿಂದ ಅಡ್ರೆಸ್ ಹಾಕಿದ ಸಾಧನಗಳಿಗೆ ಹೋಗುವುದಿಲ್ಲ. ಕ್ಯಾಮೆರಾಗಳ ಚಿತ್ರ ಉಳಿಸಿಡುವ ಡಿವಿಆರ್ ಪೆಟ್ಟಿಗೆ 192.168.1.10ರಲ್ಲಿದ್ದು ಅದರ ಮಾಸ್ಕ್ ಹಳೆಯ 255.255.255.0 ಆಗೇ ಉಳಿದಿದೆ ಅಂದುಕೊಳ್ಳಿ. 192.168.0.50 ಅಡ್ರೆಸ್ ಸಿಕ್ಕಿದ ನಿಮ್ಮ ಫೋನನ್ನು ಅದು ಹೊರಗಿನವರು ಎಂದು ತಿಳಿಯುತ್ತದೆ. ಕ್ಯಾಮೆರಾ ಚಿತ್ರ ಕೆಲವು ಫೋನ್‌ಗಳಲ್ಲಿ ಸರಿಯಾಗಿ ಬಂದು, ಇನ್ನು ಕೆಲವದರಲ್ಲಿ ಬಾರದೇ ಹೋಗಬಹುದು. ಆದ್ದರಿಂದ ಡಿವಿಆರ್, ಪ್ರಿಂಟರ್, ಆಕ್ಸೆಸ್ ಪಾಯಿಂಟ್ ಒಂದೊಂದರಲ್ಲೂ ಮಾಸ್ಕ್ ಬದಲಿಸಿ. ವಾರದ ನಡುವೆ, ಕೋಣೆಗಳು ಖಾಲಿ ಇರುವ ದಿನ ಈ ಕೆಲಸ ಇಟ್ಟುಕೊಳ್ಳಿ. ಬದಲಿಸುವ ಮೊದಲು ಹಳೆಯ ಸೆಟ್ಟಿಂಗ್ ಪುಟದ ಫೋಟೋ ತೆಗೆದಿಡಿ.